ಬಸಲಿಂಗವ್ವನ ಗೋಡೆ

ನಮ್ಮೂರಲ್ಲಿ ಮನೆ ಕಟ್ಟುವ ಮನುಷ್ಯರಿಲ್ಲ. ಗೆದ್ದಲು ಕಟ್ಟುತ್ತವೆ, ನಾವು ಇರುತ್ತೇವೆ. ಹೊಸದಾಗಿ ಸಂಸಾರ ಹೂಡುವವರು ಬಯಲಿನಲ್ಲಿ ಒಂದು ಜಾಗ ನೋಡಿ, ಜೋಳದ ಒಣದಂಟಿನ ಕಣಕಿ, ಹರಿದ ಗೋಣಿಚೀಲ, ಮುರಿದ ನೊಗ, ಒಣಗಿದ ಸೆಗಣಿ ಎಲ್ಲವನ್ನೂ ತಮಗೆ ಬೇಕಾದ ಆಕಾರಕ್ಕೆ ಸಾಲಾಗಿ ಸುರುವಿ, ಮೇಲೆ ನೀರು ಚಿಮುಕಿಸಿ ಬಂದರೆ ಮುಗಿಯಿತು. ಮುಂದಿನದು ಅವುಗಳ ಕೆಲಸ. ಗೋಡೆ ಮೊಣಕಾಲೆತ್ತರ ಬಂದಾಗ ಲಗ್ನದ ಮಾತೆತ್ತಬಹುದು, ಎದೆಯೆತ್ತರ ಬಂದಾಗ ಮುಹೂರ್ತ ಇಡಬಹುದು, ತಲೆಯ ಮೇಲೆ ಗುಮ್ಮಟ ಕೂಡಿಕೊಂಡ ಮೇಲೆ ಒಳಗೆ ಹೋಗಿ ಹಾಲುಕ್ಕಿಸಬಹುದು. ಅವಸರಪಟ್ಟವರ ಮನೆ ಒಂದು ಕಡೆ ವಾಲಿಕೊಂಡು ನಿಲ್ಲುತ್ತದೆ. ಅಂಥ ಮನೆಯ ಮುಂದೆ ಹಾಯುವಾಗ ಊರವರು ತಾವೂ ಸ್ವಲ್ಪ ವಾಲಿಕೊಂಡು ನಡೆದು ನಗುತ್ತಾರೆ.

ನಾನು ಈ ಊರಿಗೆ ಹೊರಗಿನಿಂದ ಸೊಸೆಯಾಗಿ ಬಂದವಳು. ಹೆಸರು ಹೊನ್ನವ್ವ. ತವರಿನವರು ಕೊಟ್ಟ ಸಾಗವಾನಿ ಪೆಟ್ಟಿಗೆಯನ್ನು ಹೊತ್ತು ತಂದಿದ್ದೆ. ಮರುದಿನ ಮುಂಜಾನೆ ಎದ್ದು ನೋಡಿದರೆ ಪೆಟ್ಟಿಗೆಯ ಹಿತ್ತಾಳೆ ಮೊಳೆಗಳು ಮಾತ್ರ ನೆಲದ ಮೇಲೆ ಚೌಕಾಕಾರವಾಗಿ ಬಿದ್ದಿದ್ದವು, ಪೆಟ್ಟಿಗೆ ಇರಲಿಲ್ಲ. ನಾನು ಅಳುತ್ತ ಕೂತಾಗ ಅತ್ತೆ ಬಸಲಿಂಗವ್ವ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, "ಅಳಬ್ಯಾಡ. ನಿನ್ನ ತವರಮನಿ ರುಚಿ ನೋಡ್ಯಾವು, ಛಲೋ ಐತಿ ಅಂದಾವು. ಇನ್ನ ನೀ ಈ ಮನಿಯಾಕಿ" ಅಂದರು. ಅವತ್ತಿನಿಂದ ಮರದ ಸಾಮಾನಿನ ಆಸೆ ಬಿಟ್ಟೆ. ನಮ್ಮಲ್ಲಿ ಮಲಗುವುದು ಕಲ್ಲಿನ ಕಟ್ಟೆಯ ಮೇಲೆ. ಬಾಗಿಲಿಗೆ ಎಮ್ಮೆಯ ಚರ್ಮ ತೂಗಬಿಡುತ್ತೇವೆ.

ದಿನಾ ಮನೆಯವರು ಉಣ್ಣುವ ಮೊದಲು ಗೋಡೆಯ ಬುಡಕ್ಕೆ ಅದರ ತುತ್ತು ಇಡಬೇಕು. ಒಂದು ಹಿಡಿ ಕಣಕಿ, ಇಲ್ಲವೆ ಸವೆದ ಕಸಬರಿಗೆಯ ತುದಿ, ಏನೂ ಇಲ್ಲದಿದ್ದರೆ ಹಳೆಯ ಬಟ್ಟೆಯ ಚಿಂದಿ. ಅದಕ್ಕೆ ಪ್ರತಿಯಾಗಿ ಗೆದ್ದಲು ಬೇಸಿಗೆಯಲ್ಲಿ ತಂಪು ಕೊಡುತ್ತವೆ, ಚಳಿಗಾಲದಲ್ಲಿ ಬೆಚ್ಚಗೆ ಇಡುತ್ತವೆ. ಮೊದಲ ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಅಡುಗೆಮನೆಯ ಗೋಡೆಯಿಂದಲೇ ಬೆಳ್ಳನೆ ಅಣಬೆ ಏಳುತ್ತವೆ, ಕೂತಲ್ಲಿಂದ ಏಳದೆ ಕಿತ್ತು ಬಾಣಲೆಗೆ ಹಾಕಬಹುದು. ಗೋಡೆಯ ಮೇಲೆ ಹಲ್ಲಿಗಳಿಗೆ ಒಂದು ಪಾಲು, ಬುಡದಲ್ಲಿ ಕೋಳಿಗಳಿಗೆ ಒಂದು ಪಾಲು, ಗುಮ್ಮಟದ ಮೇಲೆ ಕೂತ ಕಾಜಾಣಕ್ಕೆ ಹಾರುವ ಹುಳುಗಳ ಪಾಲು. ಯಾರ ಪಾಲು ಎಷ್ಟು ಎಂದು ಯಾರೂ ಕೂತು ಹಂಚಿದ್ದಲ್ಲ. ಆದರೂ ಜಗಳ ಬಂದದ್ದನ್ನು ನಾನು ನೋಡಿಲ್ಲ.

ದೊಡ್ಡ ಪಾಲು ಚಿಪ್ಪುಹಂದಿಯದು. ಮೈತುಂಬ ಹಂಚು ಹೊದಿಸಿದಂಥ ಚಿಪ್ಪು, ಹಲ್ಲಿಲ್ಲದ ಬಾಯಿ, ಮೊಳದುದ್ದದ ನಾಲಗೆ, ನೇಗಿಲ ಕುಳದಂಥ ಉಗುರು. ಅದು ವರ್ಷಕ್ಕೊಮ್ಮೆ, ಎರಡು ವರ್ಷಕ್ಕೊಮ್ಮೆ, ಮೋಡ ಕವಿದ ಮುಂಜಾವಿನಲ್ಲಿ ಯಾವುದಾದರೂ ಓಣಿಗೆ ಬಂದು ತನಗೆ ಬೇಕಾದ ಗೋಡೆಯನ್ನು ಬಗೆದು ತಿಂದು ಹೋಗುತ್ತದೆ. ಅದನ್ನು ತಡೆಯುವಂತಿಲ್ಲ. ತೂತು ಬಿದ್ದ ಕಡೆ ಕಂಬಳಿ ಕಟ್ಟಿಕೊಂಡು ಇರುವುದು, ಗೆದ್ದಲು ಮತ್ತೆ ಕಟ್ಟುವವರೆಗೆ ನೆರೆಯವರು ಇಣುಕಿ ನೋಡಿದರೆ ನಾಚದೆ ಇರುವುದು, ಅಷ್ಟೇ. ಗೋಡೆ ಒಡೆಯುವ ಅಧಿಕಾರ ಅದರ ಉಗುರಿಗೆ ಮಾತ್ರ. ಮನುಷ್ಯರು ಕಬ್ಬಿಣ ಹಚ್ಚಿದರೆ ಗೆದ್ದಲು ಒಂದೂ ಉಳಿಯದಂತೆ ಮನೆ ಬಿಟ್ಟು ಹೋಗುತ್ತವೆ. ನಮ್ಮ ಓಣಿಯ ಕೊನೆಯ ದುಂಡಪ್ಪ ರಸ್ತೆಯಲ್ಲಿ ಹೋಗುವವರನ್ನು ಒಳಗೇ ಕೂತು ನೋಡಬೇಕೆಂಬ ಚಪಲಕ್ಕೆ ಹಾರೆ ಹಾಕಿ ಒಂದು ಕಿಟಕಿ ತೆಗೆದ. ವಾರದೊಳಗೆ ಅವನ ಮನೆ ಹಿಟ್ಟಿನಂತೆ ಉದುರಿಬಿತ್ತು. ಈಗ ತಗಡಿನ ಶೆಡ್ಡಿನಲ್ಲಿ ಇದ್ದಾನೆ, ನಾಲ್ಕೂ ಕಡೆಯಿಂದ ರಸ್ತೆ ಕಾಣುತ್ತದೆ.

ಇಂಥ ಊರಿನಲ್ಲಿ ನಮ್ಮ ಅತ್ತೆಯ ಗೋಡೆ ಎಂದರೆ ಹೆಸರುವಾಸಿ. ಸುತ್ತಲಿನ ಯಾವ ಮನೆಗೂ ಅಷ್ಟು ದಪ್ಪದ, ಅಷ್ಟು ನುಣುಪಿನ ಗೋಡೆ ಇರಲಿಲ್ಲ. ಓಣಿಯ ಹೆಂಗಸರು ಬಂದು ಅಂಗೈಯಿಂದ ಸವರಿ ನೋಡಿ ಹೋಗುತ್ತಿದ್ದರು. ಅತ್ತೆ ಗೋಡೆಗೆ ಇಡುತ್ತಿದ್ದ ತುತ್ತು ಸಾಮಾನ್ಯದ್ದಲ್ಲ. ಹೊಸ ಕಣಕಿ, ಹತ್ತಿಯ ಎಳೆ, ಹಬ್ಬದ ದಿನ ಬೆಲ್ಲದ ನೀರಿನಲ್ಲಿ ನೆನೆಸಿದ ಗೋಣಿ. ನಮಗೆ ತಂಗಳು ರೊಟ್ಟಿ ಹಾಕಿ ಗೋಡೆಗೆ ಬಿಸಿಯದು ಇಟ್ಟ ದಿನಗಳೂ ಉಂಟು. ಅಷ್ಟಾದರೆ ಇರಲಿ ಅನ್ನಬಹುದಿತ್ತು. ಆದರೆ ಅತ್ತೆ ಚಿಪ್ಪುಹಂದಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಮೋಡ ಕಟ್ಟಿದ ದಿನ ಹೊರಗೋಡೆಯ ಬುಡದಲ್ಲಿ ಅಗ್ಗಿಷ್ಟಿಕೆ ಇಟ್ಟು, ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿಯುತ್ತಿದ್ದರು. ಘಾಟಿಗೆ ಓಣಿಯೆಲ್ಲ ಕೆಮ್ಮುತ್ತಿತ್ತು. ಪಾಪದ ಪ್ರಾಣಿ ಅಷ್ಟು ದೂರದಲ್ಲೇ ಮೂತಿ ತಿರುಗಿಸಿ ಬೇರೆ ಮನೆಗೆ ಹೋಗುತ್ತಿತ್ತು. ಪಕ್ಕದ ಮನೆಯ ಹಸೀನಾಬಿ, "ಬಸಲಿಂಗವ್ವಾ, ನಿನ್ನ ಪಾಲಿಂದೂ ನಮ್ಮ ಗ್ವಾಡೀನ ಕೊಡಬೇಕಾಗೇತಿ ನೋಡು" ಎಂದು ಬೇಸರಪಟ್ಟರೆ ಅತ್ತೆ, "ಯಾಕ, ನಿನ್ನ ಗ್ವಾಡಿ ಏನ್ ಚಂದ ಐತಿ ಅಂತ ಉಳಸ್ಕೋತಿ?" ಅನ್ನುವರು.

ಆ ಅತ್ತೆ ಬಚ್ಚಲಲ್ಲಿ ಕಾಲು ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಎಲುಬು ಕಟ್ಟುವವನು ಬಂದು ಪಟ್ಟು ಹಾಕಿ, "ಕೂಡೂತನ ಅಲ್ಲಾಡಸಬ್ಯಾಡ್ರಿ, ಇದ್ದಲ್ಲೇ ಇರಲಿ" ಎಂದು ಹೇಳಿ ಹೋದ. ಹಿಂದಿನ ಕೋಣೆಯಲ್ಲಿ, ಓಣಿಗೆ ತಾಗಿದ ಗೋಡೆಯ ಪಕ್ಕದ ಕಲ್ಲಿನ ಕಟ್ಟೆಯ ಮೇಲೆ ಅತ್ತೆಯನ್ನು ಮಲಗಿಸಿದೆವು. ಮಳೆಗಾಲ ಶುರುವಾಗಿತ್ತು. ಒಂದು ದಿನ ಗುಡಿಸುವಾಗ ನನ್ನ ಕಸಬರಿಗೆ ಗೋಡೆಗೆ ಬೇಗ ತಾಗಿತು ಅನ್ನಿಸಿತು. ಇನ್ನೊಂದು ದಿನ ಕಟ್ಟೆಯ ಬದಿಗೆ ಕೂತು ಅತ್ತೆಯ ತಲೆ ಬಾಚಲು ಹೋದರೆ ನನಗೆ ಕೂರಲು ಜಾಗವಿರಲಿಲ್ಲ. ಗೋಡೆ ಒಳಕ್ಕೆ ಬೆಳೆಯುತ್ತಿತ್ತು. ಯಾವ ಉಗುರೂ ತಾಕದೆ ವರ್ಷಾನುಗಟ್ಟಲೆ ತಿಂದುಂಡು ಕೊಬ್ಬಿದ ಗೆದ್ದಲು ಹೊರಗೆ ಜಾಗ ಸಾಲದೆ ಒಳಗೆ ಕಟ್ಟತೊಡಗಿದ್ದವು.

ನನ್ನ ಗಂಡನಿಗೆ ಹೇಳಿದೆ. ಗಂಡನ ಹೆಸರು ಬಾಯಿಂದ ಹೇಳಬಾರದು ಅನ್ನುತ್ತಾರೆ, ಕಥೆಗೆ ಬೇಕಾದ್ದರಿಂದ ಒಂದೇ ಸಲ ಹೇಳುತ್ತೇನೆ, ಅಡಿವೆಪ್ಪ. ಒಳ್ಳೆಯವರು, ಆದರೆ ತಾಯಿಯ ಮುಂದೆ ಬಾಯಿ ಬಿಡುವ ಜಾತಿಯಲ್ಲ. ಹೋಗಿ ಬಾಗಿಲಲ್ಲಿ ನಿಂತು, "ಯವ್ವಾ, ಪಡಸಾಲ್ಯಾಗ ಹಾಸ್ತೀವಿ, ಎತ್ತಿಕೊಂಡು ಹೋಗ್ಲೇನು?" ಅಂದರು. ಅತ್ತೆ, "ಎಲುಬು ಇನ್ನ ಕೂಡಿಲ್ಲ. ಮುಟ್ಟಿದ್ರ ನೋಡು" ಅಂದರು. ಅವರು ತಿರುಗಿ ಬಂದರು. ಹೀಗೆ ಮುಟ್ಟಲೋ ಬೇಡವೋ ಎಂದು ನಾವು ಮೀನ ಮೇಷ ಎಣಿಸುತ್ತಿರುವಾಗಲೇ ಬಾಗಿಲು ಕಿರಿದಾಯಿತು. ಮೊದಲು ನಾನು ಅಡ್ಡಡ್ಡ ಹೊಗಬೇಕಾಯಿತು. ಆಮೇಲೆ ತೆವಳಬೇಕಾಯಿತು. ಒಂದು ಮುಂಜಾನೆ ಗಂಜಿ ತೆಗೆದುಕೊಂಡು ಹೋದರೆ ಬಾಗಿಲಿದ್ದಲ್ಲಿ ತಾಟಿನಷ್ಟು ಅಗಲದ ಒಂದು ಕಿಂಡಿ ಉಳಿದಿತ್ತು. ಕೋಣೆ ಕುಗ್ಗಿ ಕಿಂಡಿ ಅತ್ತೆಯ ಕೈಗೆ ನಿಲುಕುವಷ್ಟು ಹತ್ತಿರ ಬಂದಿತ್ತು. ಅದರಿಂದ ಗಂಜಿಯ ಬಟ್ಟಲು ಹೋಗುತ್ತಿತ್ತು, ನನ್ನ ಭುಜ ಹೋಗುತ್ತಿರಲಿಲ್ಲ.

ಒಡೆದರೆ ಮನೆಯೆಲ್ಲ ಅತ್ತೆಯ ಮೇಲೆ ಕುಸಿಯುತ್ತದೆ. ಒಡೆಯದಿದ್ದರೆ ಕಿಂಡಿ ಮುಚ್ಚುತ್ತದೆ. ನಾನು ದಿನವಿಡೀ ಆ ಕಿಂಡಿಯ ಮುಂದೆಯೇ ಕೂತು ಅತ್ತೆಯನ್ನು ಮಾತಾಡಿಸುತ್ತಿದ್ದೆ. ಅವರು ಒಳಗಿನಿಂದಲೇ ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು, ಕೋಳಿ ಮುಚ್ಚಿಲ್ಲ, ನಿನ್ನ ಧ್ವನಿ ಕೀರಲು ಎಂದು ಬೈಯುತ್ತಿದ್ದರು. ಬೈಗುಳ ಕೇಳಿದಷ್ಟು ಹೊತ್ತು ನನಗೆ ಸಮಾಧಾನ. ಕಳಿಸಿದ ಬಟ್ಟಲು, ತಾಟು ಬರಿದಾಗಿ ಬರುತ್ತಿದ್ದವು. ಆದರೂ ಬಟ್ಟಲು ಚಾಚುವ ಅತ್ತೆಯ ಮುಂಗೈ ದಿನದಿಂದ ದಿನಕ್ಕೆ ಸೊರಗುತ್ತಿತ್ತು.

ಒಂದು ಮಧ್ಯಾಹ್ನ ಪಡಸಾಲೆಯ ಬಿಸಿಲು ಕಿಂಡಿಯೊಳಕ್ಕೆ ಬಿದ್ದಿತ್ತು. ಕಣ್ಣಿಟ್ಟು ನೋಡಿದೆ. ಅತ್ತೆ ಮಲಗಿದ್ದಲ್ಲೇ ಬಲಗೈಯನ್ನು ಗೋಡೆಯ ಕಡೆ ಚಾಚಿದ್ದರು. ಅಂಗೈಯಲ್ಲಿ ನಾನು ಕೊಟ್ಟ ರೊಟ್ಟಿಯ ಚೂರುಗಳು. ಗೋಡೆಯಿಂದ ಹೊರಟು, ಕಟ್ಟೆಯ ಮೇಲೆ ಹಾಯ್ದು, ಅತ್ತೆಯ ಮುಂಗೈ ಹತ್ತಿ ಅಂಗೈವರೆಗೆ ಬೆರಳುದಪ್ಪದ ಮಣ್ಣಿನ ಕೊಳವೆಯೊಂದು ಕಟ್ಟಿಕೊಂಡಿತ್ತು. ಅದರ ಬಾಯಿಂದ ಗೆದ್ದಲು ಬಂದು ಚೂರು ಹೊತ್ತು ಹೋಗುತ್ತಿದ್ದವು, ಅವು ನಡೆಯುವ ಸಣ್ಣ ಸರಸರ ಸದ್ದು ನನಗೆ ಕೇಳಿಸಿತು. ಅತ್ತೆ ಅವುಗಳನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎಂದೂ ಕಂಡಿರಲಿಲ್ಲ.

"ಅತ್ತೀ, ಇದೇನ್ರಿ ಇದು?" ಅಂದೆ. "ಹಸದಾವು, ಕೊಟ್ಟೆ" ಅಂದರು. "ನಿಮಗ ಹಸಿವಿಲ್ಲೇನ್ರಿ?" ಅಂದೆ. "ನಾ ಬಿದ್ದಾಗಿಂದ ಎಲ್ಲಾರೂ ನನಗ ಉಣಸಾಕ ಬರ್ತೀರಿ. ನನ್ನ ಕೈಯಿಂದ ತಿನ್ನೂವು ಇವು ಅಷ್ಟ ಉಳದಾವು" ಅಂದರು. "ಹಿಂಗ ಉಣಿಸಿದ್ರ ಅವು ಕಟ್ಟೂದು ನಿಲ್ಲಸೂದಿಲ್ಲರಿ. ಚಿಪ್ಪಹಂದಿ ಬರಬೇಕು, ಬ್ಯಾರೆ ದಾರಿ ಇಲ್ಲ" ಅಂದೆ. "ನಾ ಇರೂತನ ನನ್ನ ಗ್ವಾಡಿಗೆ ಉಗುರು ಹಚ್ಚಗೊಡೂದಿಲ್ಲ." "ಕಿಂಡೀನೂ ಮುಚ್ಚಿದ್ರ?" "ಮುಚ್ಚಲಿ. ಬೆಚ್ಚಗ ಇರತೇತಿ" ಅಂದರು, ಮಳೆಯಲ್ಲಿ ಕಂಬಳಿ ಹೊದೆಯುವ ಮಾತಾಡಿದ ಹಾಗೆ.

ನಾನು ಆಗ ಅತ್ತೆಯ ಮುಂದೆ ಎಂದೂ ಆಡದ ಮಾತು ಆಡಿದೆ. "ನಿಮಗ ಬೆಚ್ಚಗಿರತೇತ್ರಿ. ನಾ ಏನ್ ಮಾಡ್ಲಿ? ನಿಮ್ಮ ಮಗ ಬಾಯಿಲ್ಲದ ಮನಶ್ಯಾ. ನನಗ ಬೈಯೋರು ಯಾರದಾರ ಈ ಮನ್ಯಾಗ? ನಾ ಮಾಡಿದ ಸಾರು ಛಲೋ ಆತೋ ಕೆಟ್ಟತೋ ಯಾರು ಹೇಳ್ತಾರ? ತವರಿನ ಪೆಟಗಿ ಹೋದಾಗ ಅಳಬ್ಯಾಡ ಅಂದೋರು ನೀವೊಬ್ಬರ. ನೀವು ಆ ಗ್ವಾಡ್ಯಾಗ ಹೋದ್ರ ನಾನೂ ಇಲ್ಲೇ ಕಿಂಡೀಗೆ ಹಣಿ ಹಚ್ಚಿ ಕುಂಡ್ರತೀನಿ, ನನ್ನನ್ನೂ ಮುಚ್ಚಲಿ" ಎಂದು ಹೇಳಿ ನಿಜವಾಗಿಯೂ ಹಣೆ ಹಚ್ಚಿ ಕೂತು ಅಳತೊಡಗಿದೆ. ಒಳಗಿನಿಂದ ಅತ್ತೆಯ ಧ್ವನಿ ಬಂತು, ಬೈಯುವ ಧ್ವನಿಯಲ್ಲ, "ಅದು ಬರೂದಿಲ್ಲ ಹೊನ್ನವ್ವಾ. ಎಷ್ಟ ವರ್ಸದ ಘಾಟು ಕುಡದೇತಿ ಆ ಗ್ವಾಡಿ." ಬರಲಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸಂಜೆ ಕಿಂಡಿಯಲ್ಲಿ ನೋಡಿದಾಗ ಕೈಯನ್ನು ಎದೆಯ ಮೇಲೆ ಮಡಚಿ ಇಟ್ಟುಕೊಂಡಿದ್ದರು. ಮಣ್ಣಿನ ಕೊಳವೆ ಕಟ್ಟೆಯ ಮೇಲೆ ತುಂಡಾಗಿ ಬಿದ್ದಿತ್ತು.

ನಾನು ಓಡಿ ಹೋಗಿ ಹಸೀನಾಬಿಯ ಮುಂದೆ ಎಲ್ಲ ಹೇಳಿದೆ. ಇಷ್ಟು ದಿನ ಅನ್ನಿಸಿಕೊಂಡಿದ್ದಕ್ಕೆ ಈಗ ನಾಲ್ಕು ಮಾತು ಅಂದಾಳು ಎಂದುಕೊಂಡಿದ್ದೆ. ಅವಳು ಕೈಲಿದ್ದ ಮೊರ ಕೆಳಗಿಟ್ಟು, "ನಡಿ, ಮೊದಲ ಗ್ವಾಡಿ ಬುಡ ತೊಳಿಯೂಣು" ಅಂದಳು. ಆ ದಿನ ಸಂಜೆಯಿಂದ ಓಣಿಯ ಹೆಂಗಸರೆಲ್ಲ ಕೊಡ ಕೊಡ ನೀರು ತಂದು ಹೊರಗೋಡೆಯ ಬುಡಕ್ಕೆ ಸುರಿದು, ಮಸಿ ಹಿಡಿದ ಮಣ್ಣನ್ನು ಕೈಯಿಂದ ಬಳಿದು ಹಾಕಿದರು. ಕೈ ಉರಿಯುತ್ತಿತ್ತು, ಕಣ್ಣಲ್ಲಿ ನೀರು. ಅಷ್ಟು ಖಾರ ಆ ಮಣ್ಣಿನಲ್ಲಿ ಇಂಗಿತ್ತು. ಬಂದವರಲ್ಲಿ ದುಂಡಪ್ಪನೂ ಇದ್ದ. "ನನ್ನ ಕಿಟಕಿ ಬಗ್ಗೆ ನಿಮ್ಮತ್ತಿ ಮಾಡಿದ ಚೇಷ್ಟಾ ಒಂದ ಎರಡ? ಆಕಿ ಹೊರಗ ಬರಲಿ, ನಾನೂ ಮಾಡಾವ ಅದೇನಿ" ಎನ್ನುತ್ತ ಎಲ್ಲರಿಗಿಂತ ದೊಡ್ಡ ಕೊಡ ಹೊತ್ತು ತಂದ.

ಚಿಪ್ಪುಹಂದಿಗೆ ಹೊಗೆ ಆಗುವುದಿಲ್ಲ, ನಾಯಿ ಆಗುವುದಿಲ್ಲ, ಗದ್ದಲ ಆಗುವುದಿಲ್ಲ. ಹಸೀನಾಬಿ ಮನೆಮನೆಗೆ ಹೋಗಿ ಹೇಳಿ ಬಂದಳು. ಇಡೀ ಓಣಿಯ ಒಲೆಗಳು ಆರಿದವು. ನಾಯಿಗಳನ್ನು ಬೇರೆ ಓಣಿಯ ನೆಂಟರ ಮನೆಯಲ್ಲಿ ಕಟ್ಟಿದರು. ಎಲ್ಲರೂ ನೆನೆಸಿದ ಅವಲಕ್ಕಿ, ಮೊಸರು ತಿಂದುಕೊಂಡು ಇದ್ದರು. ಮುಂಜಾನೆ ಚಹಾ ಇಲ್ಲದೆ ಗಂಡಸರು ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂರುತ್ತಿದ್ದರು, ಆದರೆ ಒಬ್ಬನೂ ಬೆಂಕಿಕಡ್ಡಿ ಗೀರಲಿಲ್ಲ. ಪಿಸುಮಾತಿನಲ್ಲೇ ವ್ಯವಹಾರ. ಹಸುಗೂಸುಗಳು ಕೂಡ ಅತ್ತದ್ದು ನನಗೆ ನೆನಪಿಲ್ಲ. ಒಳಗೆ ಕಿಂಡಿ ಬಟ್ಟಲಿನಷ್ಟಾಯಿತು, ಆಮೇಲೆ ಲೋಟದಷ್ಟಾಯಿತು. ನಾನು ಬೆರಳುಗಳಿಂದ ಅವಲಕ್ಕಿ ಒಳಗೆ ದಾಟಿಸುತ್ತಿದ್ದೆ. ಅತ್ತೆಯ ಉಸಿರಾಟ ಕಿಂಡಿಯಿಂದ ಕೇಳುತ್ತಿತ್ತು, ಭಾರವಾಗಿ, ನಡುನಡುವೆ ನಿಂತು ನಿಂತು. ಬೈಯುವುದನ್ನು ಬಿಟ್ಟಿದ್ದರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದಿತು.

ಮೋಡ ಮುಸುಕಿದ ಒಂದು ಮುಂಜಾವು ಗುಮ್ಮಟದ ಮೇಲೆ ಕಾಜಾಣ ಕೂಗಿತು. ಇನ್ನೊಂದು ಬಂದು ಪಕ್ಕದಲ್ಲಿ ಕೂತಿತು, ಮತ್ತೊಂದು ಬಂತು. ಹಸೀನಾಬಿ ನನ್ನ ತೋಳು ಹಿಡಿದು ಓಣಿಗೆ ಎಳೆದುಕೊಂಡು ಹೋದಳು. ಜನ ಎರಡೂ ಕಡೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದರು, ಯಾರೂ ಕೆಮ್ಮುವವರಿಲ್ಲ. ಓಣಿಯ ನಡುವೆ ಅದು ಬರುತ್ತಿತ್ತು. ಹಿಂಗಾಲ ಮೇಲೆ ಭಾರ ಹಾಕಿ, ಮುಂಗಾಲುಗಳನ್ನು ಎದೆಗೆ ಹಿಡಿದುಕೊಂಡು, ನೆಲ ಮೂಸುತ್ತ, ನಿಲ್ಲುತ್ತ, ಮತ್ತೆ ನಡೆಯುತ್ತ. ಅದರ ಬಾಲದ ಬುಡದ ಮೇಲೆ ಮರಿಯೊಂದು ಅವುಚಿಕೊಂಡು ಕೂತಿತ್ತು. ಮರಿಯ ಚಿಪ್ಪು ಇನ್ನೂ ಎಳೆಯದು, ಮಳೆಹನಿ ಬಿದ್ದು ಹೊಳೆಯುತ್ತಿತ್ತು. ನಮ್ಮ ಗೋಡೆಯ ಹತ್ತಿರ ಬಂದು ತಾಯಿ ನಿಂತಿತು. ಮೂಸಿತು. ಒಂದು ಹೆಜ್ಜೆ ಹಿಂದೆ ಸರಿಯಿತು. ಆ ಗಳಿಗೆಯಲ್ಲಿ ಇಡೀ ಓಣಿಯ ಉಸಿರು ನಿಂತಿತ್ತು ಎಂದು ಆಣೆ ಮಾಡಿ ಹೇಳುತ್ತೇನೆ. ಮತ್ತೊಮ್ಮೆ ಮೂಸಿ, ಮುಂದೆ ಬಂದು, ಗೋಡೆಗೆ ಉಗುರು ಊರಿತು.

ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ. ಹಾರೆ ಹಚ್ಚಬಾರದ ಗೋಡೆ ಅದರ ಉಗುರಿಗೆ ಹೆಂಟೆ ಹೆಂಟೆಯಾಗಿ ಬಿಟ್ಟುಕೊಟ್ಟಿತು. ಗೋಡೆಯ ಒಳಗೆ ಇನ್ನೊಂದು ಊರಿತ್ತು. ಓಣಿಗಳು, ಮಹಡಿಗಳು, ಉಗ್ರಾಣಗಳು, ಅವುಗಳಲ್ಲಿ ಗೆದ್ದಲು ಬೆಳೆದಿಟ್ಟ ಬೂಷ್ಟಿನ ತೋಟಗಳು, ಬೆಳ್ಳಗೆ, ಸಣ್ಣ ಸಣ್ಣ ಮುತ್ತು ಪೋಣಿಸಿದ ಹಾಗೆ. ಮುಂದಿನ ಮಳೆಗೆ ಅಣಬೆಯಾಗಿ ನಮ್ಮ ಬಾಣಲೆಗೆ ಬರಬೇಕಾದದ್ದು ಅದೇ. ನಮ್ಮ ಕಣಕಿ, ನಮ್ಮ ಗೋಣಿ, ನನ್ನ ತವರಿನ ಪೆಟ್ಟಿಗೆ, ಎಲ್ಲವೂ ಅಲ್ಲಿ ಮೆತ್ತಗೆ ಬೆಳ್ಳಗೆ ಆಗಿ ಉಸಿರಾಡುತ್ತಿದ್ದವು ಅನ್ನಿಸಿತು. ಚಿಪ್ಪುಹಂದಿಯ ನಾಲಗೆ ಆ ಓಣಿಗಳಲ್ಲಿ ಹೋಗಿ ಬಂದು ಮಾಡುತ್ತಿತ್ತು. ತಪ್ಪಿಸಿಕೊಂಡು ಹಾರಿದ್ದನ್ನು ಕಾಜಾಣ ಹಿಡಿಯಿತು. ಕೆಳಗೆ ಬಿದ್ದದ್ದಕ್ಕೆ ಹಸೀನಾಬಿಯ ಕೋಳಿ ಬಂತು, ಕೋಳಿಯ ಪಕ್ಕದಲ್ಲೇ ಕಪ್ಪೆ ಬಂದು ಕೂತಿತು, ಹಲ್ಲಿಗಳು ಇಳಿದವು, ಕಟ್ಟಿರುವೆಗಳು ಸಾಲು ಹಿಡಿದವು. ಒಬ್ಬರನ್ನೊಬ್ಬರು ತಿನ್ನುವ ಇಷ್ಟು ಜನ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ನಾನು ಮೊದಲ ಸಲ ನೋಡಿದೆ. ನನ್ನ ಗಂಡ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಉಗುರು ಒಳಗಿನ ಪದರಕ್ಕೆ ತಾಕಿತು. ಮಣ್ಣು ಕುಸಿದು, ತೂತಿನೊಳಗೆ ಅತ್ತೆಯ ಮುಖ ಕಂಡಿತು. ಕೂದಲಲ್ಲಿ ಮಣ್ಣು, ಕಣ್ಣು ಬೆಳಕಿಗೆ ಕಿರಿದಾಗಿತ್ತು. ಬಲಗೈಯ ಮೇಲೆಲ್ಲ ಗೆದ್ದಲು ಹರಿದಾಡುತ್ತಿದ್ದವು. ಒಡೆದ ಗೋಡೆಯಿಂದ ಓಡಿ ಬಂದು ತಮಗೆ ಗೊತ್ತಿದ್ದ ಕೈಯನ್ನೇ ಹತ್ತಿದ್ದವು. ಚಿಪ್ಪುಹಂದಿ ತೂತಿನಲ್ಲಿ ತಲೆ ಹಾಕಿತು. ನಾನು ಮುಂದೆ ಹೋಗಲು ಹೊರಟರೆ ಹಸೀನಾಬಿ ಬಿಡಲಿಲ್ಲ. ಆ ನೀಳ ನಾಲಗೆ ಅತ್ತೆಯ ಅಂಗೈಗೆ ತಾಕಿತು, ಮುಂಗೈಗೆ ಏರಿತು, ಬೆರಳ ಸಂದಿಗಳಲ್ಲಿ ಹಾಯಿತು, ಮೊಣಕೈವರೆಗೆ ಹೋಗಿ ಮತ್ತೆ ಬೆರಳ ತುದಿಗೆ ಬಂತು. ಒಂದು ಗೆದ್ದಲು ಉಳಿಯದ ಹಾಗೆ, ಅವಸರವಿಲ್ಲದೆ. ಇಷ್ಟು ವರ್ಷ ಮೆಣಸಿನ ಘಾಟು ಹಾಕಿದ ಕೈ ಅದು. ಅತ್ತೆ ಕೈಯನ್ನು ಹಿಂದೆಗೆದುಕೊಳ್ಳಲಿಲ್ಲ. ಅವರ ತುಟಿ ಅಲ್ಲಾಡುತ್ತಿತ್ತು. ಏನಂದರೋ ಯಾರಿಗೂ ಕೇಳಲಿಲ್ಲ, ಆ ಪ್ರಾಣಿಗೆ ಕೇಳಿಸಿರಬೇಕು.

ಹೊಟ್ಟೆ ತುಂಬಿದ ಮೇಲೆ ಅದು ತಿರುಗಿ, ಮರಿಯನ್ನು ಹೊತ್ತುಕೊಂಡು, ಬಂದ ದಾರಿಯಲ್ಲೇ ಹೋಯಿತು. ನಾನು ತೂತಿನಲ್ಲಿ ನುಗ್ಗಿ ಕಟ್ಟೆಗೆ ಬೆನ್ನು ಕೊಟ್ಟು ಕೂತೆ. "ಕೊರಳ ಹಿಡೀರಿ ಅತ್ತೀ" ಅಂದೆ. ಎಲುಬು ಮುಟ್ಟಬ್ಯಾಡ ಎಂದು ಬೈದಾರು ಅಂದುಕೊಂಡಿದ್ದೆ. ಎರಡು ಕೈ ಬಂದು ನನ್ನ ಕೊರಳನ್ನು ಬಳಸಿದವು. ಮಣ ಭಾರದ ಹೆಂಗಸು, ಮಗುವಿನಷ್ಟು ಹಗುರಾಗಿದ್ದರು. ಬಾಗಿಕೊಂಡು ಹೊರಗೆ ಬಂದು, ಅವರನ್ನು ಇಳಿಸದೆ ಓಣಿಯಲ್ಲೇ ಸುಮ್ಮನೆ ನಿಂತೆ. ಜನ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು, ಯಾರೋ ನಕ್ಕರು, ಯಾವುದೋ ಮನೆಯಲ್ಲಿ ಒಲೆ ಹೊತ್ತಿಕೊಂಡಿತು. ದುಂಡಪ್ಪ ಹತ್ತಿರ ಬಂದು ತೂತನ್ನು ನೋಡಿ, ಅತ್ತೆಯನ್ನು ನೋಡಿ, ತಯಾರು ಮಾಡಿಟ್ಟುಕೊಂಡಿದ್ದ ಚೇಷ್ಟೆಯ ಮಾತನ್ನು ಆಡದೆ ಹಿಂದಕ್ಕೆ ಹೋದ.

ಪಡಸಾಲೆಯಲ್ಲಿ ಹಾಸಿ ಮಲಗಿಸಿದೆವು. ನಾನು ಬಿಸಿ ರೊಟ್ಟಿ ಬಡಿದು, ಬೇಳೆ ಮಾಡಿ, ಕೈ ತೊಳೆಸಲು ತಂಬಿಗೆ ನೀರು ತಂದು ಇಟ್ಟೆ. ಅತ್ತೆ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. "ತೊಳಿಬ್ಯಾಡ" ಅಂದರು. "ಮಣ್ಣಾಗೇತ್ರಿ ಅತ್ತೀ." "ಆಗಿರಲಿ. ಅದು ನೆಕ್ಕಿದ ಕೈ ಇದು, ಇವತ್ತ ನೀರು ಮುಟ್ಟಸೂದಿಲ್ಲ." ಅವರ ಕಣ್ಣು ತುಂಬಿದ್ದವು. ನನ್ನ ಕಣ್ಣೂ ತುಂಬಿದವು. "ಹಂಗಾರ ಉಣ್ಣೂದು ಹ್ಯಾಂಗ್ರಿ?" ಅಂದೆ. ಅತ್ತೆ ನನ್ನ ಕಡೆ ನೋಡಲಿಲ್ಲ. ಗೋಡೆಯ ತೂತಿನಿಂದ ಬಂದು ಕಿಂಡಿ ದಾಟಿ ಬೀಳುತ್ತಿದ್ದ ಬೆಳಕನ್ನೇ ನೋಡುತ್ತ, "ನೀ ಉಣಸು" ಎಂದು ಬಾಯಿ ತೆರೆದರು. ನಾನು ರೊಟ್ಟಿ ಮುರಿದೆ.